ಪರದೇಶಿಯೂ ಊರಿನ ಮಕ್ಕಳೂ

ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಬೇರೆ ದೇಶದವನು ಎಂಬುದು ಒಂದು. ದಿಕ್ಕಿಲ್ಲದವನು, ಹೇಳುವವರು ಕೇಳುವವರು ಇಲ್ಲದವನು ಎಂಬುದು ಮತ್ತೊಂದು. ಮನೆಗಳಲ್ಲಿ ನಾವು ಹೆಚ್ಚಾಗಿ ಕೇಳಿರುವುದು ಎರಡನೆಯ ಅರ್ಥವನ್ನೇ. ತಾಯಿತಂದೆಗಳನ್ನು ಕಳೆದುಕೊಂಡ ಹುಡುಗನನ್ನು ಕಂಡು ನಮ್ಮ ಅಜ್ಜಿಯಂದಿರು ‘ಪಾಪ, ಪರದೇಶಿ’ ಎನ್ನುತ್ತಿದ್ದರು. ಆ ಹುಡುಗನು ಅದೇ ಬೀದಿಯಲ್ಲಿ ಹುಟ್ಟಿ ಅದೇ ಬೀದಿಯಲ್ಲಿ ಬೆಳೆದವನಾಗಿರುತ್ತಿದ್ದನು. ತನ್ನವರನ್ನು ಬಿಟ್ಟು ಹೊರಟವನಿಗೂ ತನ್ನವರೇ ಇಲ್ಲದವನಿಗೂ ನಮ್ಮ ಹಿರಿಯರು ಹೆಚ್ಚಿನ ಭೇದವನ್ನು ಎಣಿಸಲಿಲ್ಲವೆಂದು ತೋರುತ್ತದೆ. ಪರದೇಶದ ಪದಾರ್ಥಗಳ ವಿಷಯದಲ್ಲಿ ಮಾತ್ರ ಅವರಿಗೆ ಇಂಥ ಮರುಕವೇನೂ ಇರಲಿಲ್ಲ. ಸೀಮೆಎಣ್ಣೆ ಬಂದಿತು, ಸೀಮೆಸುಣ್ಣ ಬಂದಿತು, ಸೀಮೆಬದನೆ ಬಂದಿತು. ಪರಂಗಿಯವನ ಹೆಸರನ್ನು ಹೊತ್ತ ಹಣ್ಣು ನಮ್ಮ ಹಿತ್ತಿಲುಗಳಲ್ಲಿಯೇ ಬೇರುಬಿಟ್ಟಿತು. ಪದಾರ್ಥವು ಬಂದರೆ ಅಡಿಗೆಮನೆಯಲ್ಲಿ ಅದಕ್ಕೊಂದು ಸ್ಥಳವನ್ನು ಮಾಡಿಕೊಟ್ಟರಾಯಿತು. ಮನುಷ್ಯನು ಬಂದರೆ ಏನು ಮಾಡಬೇಕು? ಈ ಪ್ರಶ್ನೆಗೆ ದೊಡ್ಡವರು ತಡವರಿಸುತ್ತಾರೆ. ಮಕ್ಕಳು ತಡವರಿಸುವುದಿಲ್ಲ, ಸುತ್ತಲೂ ನಿಂತು ನೋಡುತ್ತಾರೆ.

ಕೆಲವು ವರ್ಷಗಳ ಹಿಂದೆ ಡೆನ್ಮಾರ್ಕ್ ದೇಶದ ಮಿತ್ರರೊಬ್ಬರು ನಮ್ಮಲ್ಲಿಗೆ ಬಂದಿದ್ದರು. ತಮ್ಮ ಊರಿನಲ್ಲಿ ಚಿತ್ರಕಲೆಯ ಉಪಾಧ್ಯಾಯರು. ಹಳೆಯ ದೇವಾಲಯಗಳನ್ನು ಸಾಕಷ್ಟು ನೋಡಿಯಾಗಿದ್ದಿತು. ಕಲ್ಲಿನಿಂದ ದೇವರನ್ನು ಈಗಲೂ ಕಡೆಯುತ್ತಿರುವ ಸ್ಥಳವಿದ್ದರೆ ತೋರಿಸಬೇಕೆಂದು ಅವರು ಕೇಳಿದರು. ನಮಗೆ ಒಡನೆಯೇ ನೆನಪಾದುದು ಮಾಲೂರು ತಾಲ್ಲೂಕಿನ ಶಿವಾರಪಟ್ಟಣ. ರೈಲಿನಲ್ಲಿ ಮಾಲೂರಿನವರೆಗೆ ಹೋದೆವು. ಈ ದಾರಿಯೂ ಹಳೆಯದು. ಬೆಂಗಳೂರಿನಿಂದ ಜೋಲಾರಪೇಟೆಗೆ 1864ರಲ್ಲಿಯೇ ರೈಲು ಓಡಿತು. ಮಾಲೂರಿನ ಹೆಂಚು ಇಟ್ಟಿಗೆಗಳ ಗೂಡುಗಳನ್ನು ಹಿಂದೆ ಬಿಟ್ಟು, ಬಸ್ಸಿನಲ್ಲಿ ನೀಲಗಿರಿ ತೋಪುಗಳನ್ನೂ ರಾಗಿಯ ಹೊಲಗಳನ್ನೂ ಹಾದು ಊರನ್ನು ಸೇರುವಷ್ಟರಲ್ಲಿ ಬಿಸಿಲೇರಿದ್ದಿತು.

ಶಿವಾರಪಟ್ಟಣವನ್ನು ಕಾಣುವುದಕ್ಕೆ ಮುಂಚೆ ಕೇಳಬಹುದು. ಮನೆಮನೆಯ ಮುಂದೆಯೂ ಉಳಿ ಸುತ್ತಿಗೆಗಳ ಸದ್ದು. ಒಂದು ಚಪ್ಪರದಲ್ಲಿ ನಿಂತರೆ ಮುಂದಿನ ಚಪ್ಪರದ ಸದ್ದು ತಾಳ ಹಾಕಿದಂತೆ ಕೇಳಿಸುತ್ತದೆ. ಬೀದಿಯ ಎರಡು ಕಡೆಗಳಲ್ಲಿಯೂ ಅರ್ಧವಾದ ವಿಗ್ರಹಗಳು: ಕೈ ಮೂಡಿ ಬೆರಳು ಮೂಡದ ವಿಷ್ಣು, ಸೊಂಡಿಲು ಮಾತ್ರ ಬಿಡಿಸಿಕೊಂಡ ಗಣಪತಿ, ಮುಖವಿನ್ನೂ ಕಲ್ಲಿನೊಳಗೇ ಇರುವ ದೇವಿ. ಕಲ್ಲಿನ ಹುಡಿ ಶಿಲ್ಪಿಗಳ ರೆಪ್ಪೆಗಳ ಮೇಲೆ ಕುಳಿತು ಹುಡುಗರನ್ನೂ ಮುದುಕರಂತೆ ಮಾಡಿರುತ್ತದೆ. ವಿಶ್ವಕರ್ಮ ಕುಲದ ಮನೆತನಗಳು ತಲೆತಲಾಂತರದಿಂದ ನಡೆಸಿಕೊಂಡು ಬಂದ ಕಸುಬಿದು. ಗಂಗರಸರು ತಮ್ಮನ್ನು ಕುವಳಾಲಪುರದ ಒಡೆಯರೆಂದು ಕರೆದುಕೊಂಡ ಸೀಮೆಯಲ್ಲಿ, ಆ ಕುವಳಾಲವೇ ಕೋಲಾರವಾದ ಮೇಲೆಯೂ ಉಳಿಯ ಸದ್ದು ನಿಂತಿಲ್ಲವೆಂಬುದು ಸಣ್ಣ ಸಂಗತಿಯಲ್ಲ.

ನಮ್ಮ ಮಿತ್ರರು ಬಸ್ಸಿನಿಂದ ಇಳಿದಾಗ ಹತ್ತಿರದಲ್ಲಿದ್ದುದು ಇಬ್ಬರು ಹುಡುಗರು. ಬೀದಿಯ ತಿರುವಿನಲ್ಲಿ ಏಳೆಂಟು ಮಂದಿಯಾದರು. ಮೊದಲನೆಯ ಚಪ್ಪರದ ಮುಂದೆ ನಿಂತು ಹಿಂತಿರುಗಿ ನೋಡಿದಾಗ ನಲವತ್ತಕ್ಕೆ ಕಡಮೆಯಿರಲಿಲ್ಲ. ಸೊಂಟದ ಮೇಲೆ ತಂಗಿಯನ್ನು ಹೊತ್ತ ಹುಡುಗಿಯರು, ಗಾಡಿಯ ಚಕ್ರದ ಟಯರನ್ನು ಉರುಳಿಸುತ್ತಿದ್ದವನು, ಅರ್ಧ ತಿಂದ ಸೀಬೆಹಣ್ಣನ್ನು ಕೈಯಲ್ಲಿಯೇ ಮರೆತವನು. ಈಗ ಊರೂರಿಗೂ ಟೆಲಿವಿಷನ್ನೂ ಕೈಫೋನೂ ಬಂದಿವೆ. ಬಿಳಿಯ ಮುಖವು ಈ ಮಕ್ಕಳಿಗೆ ಹೊಸತಲ್ಲ. ಆದರೂ ಅವರು ಬಂದರು. ಚಿತ್ರದಲ್ಲಿರುವವನು ನೋಡಿದವರನ್ನು ತಿರುಗಿ ನೋಡುವುದಿಲ್ಲ, ಕೇಳಿದುದಕ್ಕೆ ಉತ್ತರ ಕೊಡುವುದಿಲ್ಲ. ಇವನಾದರೋ ಬೆವರುತ್ತಾನೆ, ನೊಣವನ್ನು ಓಡಿಸಿಕೊಳ್ಳುತ್ತಾನೆ, ಎಡವುತ್ತಾನೆ.

ಪ್ರಶ್ನೆಗಳು ಆರಂಭವಾದುವು. ಭಾಷಾಂತರದ ಭಾರ ನಮ್ಮದು. ‘ಇವರ ಹೆಸರೇನು?’ ‘ಇವರಿಗೆ ಅಮ್ಮ ಇದ್ದಾರಾ?’ ‘ಮುದ್ದೆ ತಿಂತಾರಾ?’ ‘ಕಣ್ಣು ಯಾಕೆ ಬೆಕ್ಕಿನ ಕಣ್ಣಿನ ಹಂಗೈತೆ?’ ಕೂದಲನ್ನು ಕುರಿತು ಅಲ್ಲಿಯೇ ಒಂದು ಚರ್ಚೆ ನಡೆಯಿತು. ಹಣ್ಣಾದ ಕೂದಲೆಂದು ಕೆಲವರು, ಮುಸುಕಿನ ಜೋಳದ ಕೂದಲಿನ ಹಾಗಿದೆಯೆಂದು ಮತ್ತೆ ಕೆಲವರು. ಕನ್ನಡದಲ್ಲಿ ತೊಡಗಿದ ವಾದವು ನಡುವೆ ತೆಲುಗಿಗೆ ಹೊರಳಿ ಪುನಃ ಕನ್ನಡಕ್ಕೆ ಬಂದಿತು. ಕೋಲಾರದ ಸೀಮೆಯಲ್ಲಿ ಮಕ್ಕಳಿಗೆ ಎರಡು ನಾಲಗೆಗಳು ಎಂಬುದನ್ನು ತಾವು ಬಲ್ಲಿರಿ. ಮಿತ್ರರಿಗೆ ಬರುತ್ತಿದ್ದ ಕನ್ನಡ ಹತ್ತು ಹನ್ನೆರಡು ಮಾತುಗಳು. ‘ನೀರು’, ‘ಸಾಕು’, ‘ಚೆನ್ನಾಗಿದೆ’ ಇವು ಸಲೀಸಾಗಿ ನಡೆದುವು. ‘ಹಳ್ಳಿ’ ಎಂದು ಹೇಳಹೋಗಿ ‘ಹಲ್ಲಿ’ ಎಂದರು. ಅಷ್ಟೇ ಸಾಕಾಯಿತು. ಒಬ್ಬ ಹುಡುಗಿಯು ಮುಂದೆ ಬಂದು, ನಾಲಗೆಯನ್ನು ಹಿಂದಕ್ಕೆ ಮಡಿಸಿ ತೋರಿಸಿ, ‘ಳ, ಳ’ ಎಂದು ಪಾಠಕ್ಕೆ ಆರಂಭಿಸಿದಳು. ಐವತ್ತು ವರ್ಷದ ಉಪಾಧ್ಯಾಯರು ಬಾಯನ್ನು ತೆರೆದು ಅವಳು ಹೇಳಿದಂತೆ ಮಾಡಿದರು, ಬರಲಿಲ್ಲ. ಗೋಡೆಯ ಮೇಲಿನ ಹಲ್ಲಿಯನ್ನೂ ತಮ್ಮ ಊರನ್ನೂ ಒಂದೇ ಮಾಡಿದ ಈ ದೊಡ್ಡ ಮನುಷ್ಯನನ್ನು ಕಂಡು ಮಕ್ಕಳು ನಕ್ಕ ನಗೆಗೆ ಸುತ್ತಿಗೆಗಳ ಸದ್ದು ಒಂದು ನಿಮಿಷ ನಿಂತಿತು. ಫರ್ಡಿನೆಂಡ್ ಕಿಟ್ಟೆಲರು 1853ರಲ್ಲಿ ನಮ್ಮ ನಾಡಿಗೆ ಬಂದು, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ಮಹಾನಿಘಂಟನ್ನು ಕೊಟ್ಟರು. ಪಂಡಿತರಿಂದ ಅವರು ಕಲಿತುದು ಬಹಳವಿರಬೇಕು. ಆದರೆ ಈ ‘ಳ’ಕಾರವನ್ನು ಅವರ ಬಾಯಲ್ಲಿ ತಿದ್ದಿದವರು ಯಾವುದೋ ಬೀದಿಯ ಮಕ್ಕಳೇ ಆಗಿರಬೇಕೆಂಬುದು ನಮ್ಮ ಊಹೆ, ಪಂಡಿತರು ಮರ್ಯಾದೆಗಾಗಿ ಸುಮ್ಮನಿದ್ದುಬಿಡುತ್ತಾರೆ.

ಪರದೇಶಗಳಿಂದ ಬಂದವರು ನಮ್ಮನ್ನು ಪ್ರಶ್ನೆ ಕೇಳಿರುವುದು ಹೆಚ್ಚು. ಪ್ರಶ್ನೆಗೆ ಒಳಗಾಗಿರುವುದು ಕಡಮೆ. ಟಿಪ್ಪುವಿನ ಪತನವಾದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯವರ ಆಜ್ಞೆಯಂತೆ ಹೊರಟ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯರು ಇದೇ ಕೋಲಾರದ ಸೀಮೆಯನ್ನೂ ಹಾದುಹೋದರು. ಬೆಳೆಯೇನು, ಬೆಲೆಯೇನು, ಯಾವ ಜಾತಿಯವರು ಯಾರ ಮನೆಯಲ್ಲಿ ಉಣ್ಣುತ್ತಾರೆ, ಎಲ್ಲವನ್ನೂ ಕೇಳಿ ಬರೆದುಕೊಂಡರು. 1807ರಲ್ಲಿ ಲಂಡನ್ನಿನಲ್ಲಿ ಅದು ಮೂರು ಸಂಪುಟಗಳಾಗಿ ಪ್ರಕಟವಾಯಿತು. ಇಂದಿಗೂ ನಮ್ಮ ಚರಿತ್ರೆಗೆ ಅದು ಬೇಕಾದ ಗ್ರಂಥವೇ. ಆದರೆ ಅವರಿಗೆ ತಾಯಿಯಿದ್ದರೇ, ಅವರು ಮುದ್ದೆ ತಿನ್ನುತ್ತಿದ್ದರೇ ಎಂದು ಕೇಳುವ ಧೈರ್ಯ ಆಗ ಯಾರಿಗೆ ಬರಬೇಕು?

ನೋಡುವವರ ಕೈಯಲ್ಲಿ ಅಧಿಕಾರವೂ ನೋಡಿಸಿಕೊಳ್ಳುವವನ ಕೈಯಲ್ಲಿ ಬರಿಯ ಬಡತನವೂ ಇದ್ದರೆ ನೋಟದ ರೀತಿಯೇ ಬೇರೆಯಾಗುತ್ತದೆ. 1886ರಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ನಿನಲ್ಲಿ ಸಾಮ್ರಾಜ್ಯದ ದೊಡ್ಡ ವಸ್ತುಪ್ರದರ್ಶನವೊಂದು ನಡೆಯಿತು. ಐವತ್ತು ಲಕ್ಷಕ್ಕೂ ಹೆಚ್ಚು ಮಂದಿ ಅದನ್ನು ನೋಡಿದರು. ಅಲ್ಲಿ ವಸ್ತುಗಳ ಜೊತೆಗೆ ಮನುಷ್ಯರೂ ಇದ್ದರು: ಹಿಂದೂದೇಶದಿಂದ ಕರೆದೊಯ್ದ ನೇಯ್ಗೆಯವರು, ಕುಂಬಾರರು, ಕೆತ್ತನೆಯವರು. ಅವರಲ್ಲಿ ಅನೇಕರು ಆಗ್ರಾ ಸೆರೆಮನೆಯಲ್ಲಿ ಕಸುಬನ್ನು ಕಲಿತವರು. ದಿನವಿಡೀ ಕುಳಿತು ಕೆಲಸ ಮಾಡುವುದು, ದಿನವಿಡೀ ನೋಡಿಸಿಕೊಳ್ಳುವುದು. ಬಕ್ಷಿರಾಮ್ ಎಂಬ ವೃದ್ಧ ಕುಂಬಾರನ ಮುಖವನ್ನು ರುಡಾಲ್ಫ್ ಸ್ವೊಬೊಡಾ ಎಂಬ ಚಿತ್ರಕಾರರು ವಿಕ್ಟೋರಿಯಾ ರಾಣಿಯವರಿಗಾಗಿ ಬರೆದರು. ಆ ಚಿತ್ರದ ಪ್ರತಿಯೊಂದನ್ನು ನಾವು ನೋಡಿದ್ದೇವೆ. ಮುದುಕನ ಮುಖದಲ್ಲಿ ಕೋಪವಿಲ್ಲ, ಸಂತೋಷವೂ ಇಲ್ಲ. ಬಹಳ ಹೊತ್ತು ನೋಡಿಸಿಕೊಂಡವರ ಆಯಾಸವೊಂದು ಮಾತ್ರ ಇದೆಯೆಂದು ನಮಗೆ ತೋರಿತು.

ಇದೇ ಲಂಡನ್ನಿನ ಪೂರ್ವಭಾಗದ ಬೋ ಎಂಬ ಬಡವರ ಬಡಾವಣೆಯಲ್ಲಿ 1931ರಲ್ಲಿ ಗಾಂಧಿಯವರು ಇಳಿದುಕೊಂಡಿದ್ದರು. ದುಂಡುಮೇಜಿನ ಪರಿಷತ್ತಿಗೆ ಹೋದವರಲ್ಲಿ ಅನೇಕರು ದೊಡ್ಡ ಹೋಟೆಲುಗಳನ್ನು ಹಿಡಿದರೆ, ಇವರು ಕಿಂಗ್ಸ್‌ಲಿ ಹಾಲ್ ಎಂಬ ಸೇವಾಮಂದಿರದ ಮಾಳಿಗೆಯ ಸಣ್ಣ ಕೊಠಡಿಯನ್ನು ಆರಿಸಿಕೊಂಡರು. ಬೆಳಗಿನ ಕತ್ತಲಲ್ಲಿ ವಾಕಿಂಗು ಹೊರಟ ಈ ಮೊಳಕಾಲಿನವರೆಗಿನ ಪಂಚೆಯ ಮನುಷ್ಯನನ್ನು ಕಂಡು, ಷರಾಯಿ ಎಲ್ಲಿ ಹೋಯಿತೆಂದು ಬೀದಿಯ ಹುಡುಗರು ಕೂಗಿ ಕೇಳಿದರಂತೆ. ಗಾಂಧಿಯವರು ನಕ್ಕರು. ಕೆಲವು ದಿನಗಳಲ್ಲಿಯೇ ಅವರು ಆ ಮಕ್ಕಳಿಗೆ ‘ಗಾಂಧಿ ಮಾಮ’ ಆದರು. ಅಕ್ಟೋಬರಿನಲ್ಲಿ ಅವರ ಹುಟ್ಟಿದ ಹಬ್ಬಕ್ಕೆ ಮಕ್ಕಳು ಉಣ್ಣೆಯ ನಾಯಿಮರಿಗಳನ್ನೂ ಮೇಣದ ಬತ್ತಿಗಳನ್ನೂ ಮಿಠಾಯಿಯನ್ನೂ ಕಳುಹಿಸಿದರು. ಕೂಗಿದ ಮಾತೇನೋ ಸಭ್ಯವಾದುದಲ್ಲ. ಆದರೆ ಅದರಲ್ಲಿ ಉತ್ತರಕ್ಕೆ ಎಡೆಯಿದ್ದಿತು.

ಇನ್ನು ನಮ್ಮ ವಿಷಯ. ಒಮ್ಮೆ ಮೂರು ತಿಂಗಳ ಮಟ್ಟಿಗೆ ಪೋಲೆಂಡಿನ ಒಂದು ಸಣ್ಣ ಊರಿನಲ್ಲಿ ಇಂಗ್ಲಿಷ್ ಪಾಠ ಹೇಳುವ ಸಂದರ್ಭ ನಮಗೆ ಒದಗಿತು. ಆ ಊರಿನಲ್ಲಿ ನಮ್ಮ ಬಣ್ಣದವರು ಬೇರೆ ಯಾರೂ ಇರಲಿಲ್ಲ. ಮೊದಲ ವಾರ ನಾವು ಊರಿನ ಮಕ್ಕಳಿಗೆ ಹಬ್ಬವಾಗಿದ್ದೆವು. ರೊಟ್ಟಿಯಂಗಡಿಗೆ ಹೋದರೆ ಹಿಂದೆ ನಾಲ್ವರು; ಅಂಚೆಯ ಮನೆಗೆ ಹೋದರೆ ಆರು ಮಂದಿ. ಹೊಗಳಿಸಿಕೊಳ್ಳುವುದು ಯಾರಿಗೆ ಬೇಡ? ನೋಡಿಸಿಕೊಳ್ಳುವುದೂ ಮೊದಲಿಗೆ ಒಂದು ಬಗೆಯ ಹೊಗಳಿಕೆಯಾಗಿಯೇ ತೋರುತ್ತದೆ. ಮೂರನೆಯ ವಾರಕ್ಕೆ ನಾವು ಬೇರೆ ದಾರಿಯನ್ನು ಹುಡುಕತೊಡಗಿದ್ದೆವು. ಶೀತವಾದರೆ ಮೂಗನ್ನು ಒರಸಿಕೊಳ್ಳುವುದಕ್ಕೂ ಸಾಕ್ಷಿಗಳು! ನಮ್ಮ ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸರು 1948ರಲ್ಲಿ ಸಮಾಜಶಾಸ್ತ್ರದ ಅಧ್ಯಯನಕ್ಕೆಂದು ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ವಾಸಮಾಡಿದಾಗ ಏಕಾಂತವೆಂಬುದು ದೊರೆಯದೆ ಪಟ್ಟ ಪಾಡನ್ನು ತಮ್ಮ 1976ರ ಗ್ರಂಥದಲ್ಲಿ ಹೇಳಿಕೊಂಡಿದ್ದಾರೆ. ಅವರು ಅಲ್ಲಿನ ಭಾಷೆಯನ್ನೇ ಆಡುತ್ತಿದ್ದವರು. ಭಾಷೆಯೂ ಇಲ್ಲದ ನಮ್ಮ ಪಾಡನ್ನು ಊಹಿಸಬಹುದು.

ಒಂದು ದಿನ ಅಂಗಡಿಯ ಸಾಲಿನಲ್ಲಿ ನಿಂತಿದ್ದೆವು. ಮುಂದೆ ಒಬ್ಬ ತಾಯಿ, ಅವಳ ಪಕ್ಕದಲ್ಲಿ ನಾಲ್ಕೈದು ವರ್ಷದ ಮಗು. ಮಗುವು ನಮ್ಮ ಕೈಯನ್ನು ಬಹಳ ಹೊತ್ತು ನೋಡಿತು. ಆಮೇಲೆ ತನ್ನ ಬೆರಳನ್ನು ನಾಲಗೆಗೆ ತಾಗಿಸಿ, ನಮ್ಮ ಕೈಯ ಹಿಂಬದಿಯನ್ನು ಮೆಲ್ಲಗೆ ತಿಕ್ಕಿ, ಬೆರಳನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿತು. ಬಣ್ಣದ ಸೀರೆ ಕೊಳ್ಳುವಾಗ ನಮ್ಮ ಹೆಂಗಸರು ಮಾಡುವುದೂ ಇದನ್ನೇ ಅಲ್ಲವೆ? ಬಣ್ಣ ಬಿಡಲಿಲ್ಲವೆಂದು ಮಗುವಿಗೆ ಸಂತೋಷವಾದಂತೆ ತೋರಿತು; ಮತ್ತೊಮ್ಮೆ ತಿಕ್ಕುವುದಕ್ಕೆ ಕೈ ನೀಡಿತು. ಅಷ್ಟರಲ್ಲಿ ತಾಯಿ ತಿರುಗಿದಳು. ಅವಳ ಮುಖ ಕೆಂಪಾಯಿತು. ಮಗುವಿನ ಕೈಯ ಮೇಲೆ ಪಟ್ಟೆಂದು ಒಂದು ಏಟು. ನಮ್ಮನ್ನು ಕುರಿತು ಅವಳು ಏನೇನೋ ಹೇಳಿದಳು. ಕ್ಷಮೆಯನ್ನೇ ಕೇಳಿದಳೆಂದು ಕಾಣುತ್ತದೆ. ಪರವಾಗಿಲ್ಲವೆಂದು ನಾವು ಅವಳಿಗೆ ತಿಳಿಯದ ಇಂಗ್ಲಿಷಿನಲ್ಲಿ ಹೇಳಿದೆವು. ಬಾಗಿ ಆ ಮಗುವಿನ ಮುಂದೆ ಕೈಯನ್ನು ಇನ್ನೊಮ್ಮೆ ಚಾಚಿದ್ದರೆ ಭಾಷೆಯೇ ಬೇಕಾಗಿರಲಿಲ್ಲ. ಅದು ಆಗ ಹೊಳೆಯಲಿಲ್ಲ. ಮುಂದೆ ಆ ಮಗುವನ್ನು ಬೀದಿಯಲ್ಲಿ ಎಷ್ಟೋ ಸಲ ಕಂಡೆವು. ನಮ್ಮನ್ನು ಕಂಡೊಡನೆಯೇ ತಾಯಿಯ ಕೋಟಿನ ಮರೆಗೆ ಸರಿಯುತ್ತಿದ್ದಿತು. ಮೊದಲು ಅದಕ್ಕೆ ನಾವು ಒಂದು ಸೋಜಿಗ. ಏಟು ಬಿದ್ದ ಮೇಲೆ ಒಂದು ಭಯ.

ಅದೇ ಊರಿನಲ್ಲಿ ದೊಡ್ಡ ಹುಡುಗನೊಬ್ಬನು ಬೈಸಿಕಲ್ಲಿನ ಮೇಲೆ ಹೋಗುತ್ತಾ ನಮ್ಮತ್ತ ಒಂದು ಮಾತನ್ನು ಎಸೆದುಹೋದನು. ಅದರ ಅರ್ಥವೇನೆಂದು ಮನೆಯೊಡತಿಯನ್ನು ಕೇಳಿದೆವು. ಆಕೆ ಕೇಳಿಸದವಳಂತೆ ಚಹಾ ಬಗ್ಗಿಸಿದಳು. ನಾವೂ ಮತ್ತೆ ಕೇಳಲಿಲ್ಲ. ಆ ಮಾತನ್ನು ಹುಡುಗನು ತಾನೇ ಕಟ್ಟಿರಲಾರನು; ಯಾರೋ ದೊಡ್ಡವರ ಬಾಯಿಂದ ಅದು ಅವನಿಗೆ ಬಂದಿದ್ದಿತು. ನೋಡುವುದು ಮಗುವಿನ ಸ್ವಂತದ್ದು. ಹೆಸರಿಟ್ಟು ಹಂಗಿಸುವುದನ್ನು ಕಲಿಯಬೇಕಾಗುತ್ತದೆ.

ಇದನ್ನು ಪೋಲೆಂಡಿನ ದೋಷವೆಂದು ಹೇಳಿ ಮುಗಿಸುವ ಹಾಗಿಲ್ಲ. ನಮ್ಮ ಬೆಂಗಳೂರಿಗೆ ಓದಲೆಂದು, ದುಡಿಯಲೆಂದು ಅಸ್ಸಾಮು, ಮಣಿಪುರ, ನಾಗಾಲೆಂಡುಗಳಿಂದ ಬಂದ ತರುಣರು ಬೀದಿಗಳಲ್ಲಿ ಏನೇನು ಹೆಸರುಗಳನ್ನು ಕೇಳಬೇಕಾಗಿದೆಯೆಂಬುದು ನಮಗೆಲ್ಲ ಗೊತ್ತು. 2012ರ ಆಗಸ್ಟ್ ತಿಂಗಳಲ್ಲಿ ಗಾಳಿಮಾತುಗಳಿಗೆ ಹೆದರಿ ಅವರಲ್ಲಿ ಸಾವಿರಾರು ಮಂದಿ ಎರಡು ಮೂರು ದಿನಗಳಲ್ಲಿ ರೈಲು ಹತ್ತಿ ಹೊರಟುಹೋದರು. ಬೆಂಗಳೂರಿನ ನಿಲ್ದಾಣದಲ್ಲಿ ಗಂಟುಮೂಟೆಗಳ ಮೇಲೆ ಕುಳಿತಿದ್ದ ಆ ಮಕ್ಕಳು, ನಮ್ಮದೇ ದೇಶದ ಮಕ್ಕಳು, ಎರಡು ಅರ್ಥದಲ್ಲಿಯೂ ಪರದೇಶಿಗಳಾಗಿದ್ದರು. ನಮ್ಮ ತರಗತಿಯಲ್ಲಿಯೂ ಎರಡು ಜಾಗಗಳು ಬರಿದಾಗಿದ್ದುವು. ವರ್ಷವೆಲ್ಲ ಅವರಿಗೆ ಪಾಠ ಹೇಳಿದ್ದರೂ ಅವರ ಊರಿನ ಹೆಸರನ್ನು ಒಮ್ಮೆಯೂ ಕೇಳಿರಲಿಲ್ಲವೆಂಬುದು ಹಾಜರಿ ಕರೆಯುವಾಗ ನಮಗೆ ತಿಳಿಯಿತು. ಕುತೂಹಲ ತೋರಿಸದೆ ಇರುವುದನ್ನು ನಾವು ಸಭ್ಯತೆಯೆಂದುಕೊಂಡಿದ್ದೆವು.

ಇಷ್ಟೆಲ್ಲ ಅನುಭವಿಸಿದವರು ಶಿವಾರಪಟ್ಟಣದಲ್ಲಿ ಹೇಗೆ ನಡೆದುಕೊಳ್ಳಬೇಕಾಗಿದ್ದಿತು! ನಡೆದುದನ್ನು ಹೇಳುತ್ತೇವೆ.

ನಮ್ಮ ಮಿತ್ರರು ವೃದ್ಧ ಶಿಲ್ಪಿಯೊಬ್ಬರ ಚಪ್ಪರದಲ್ಲಿ ಒಂದು ಕಲ್ಲಿನ ಮೇಲೆ ಕುಳಿತು, ಕರಿಯ ಕಲ್ಲಿನಿಂದ ಏಳುತ್ತಿದ್ದ ವೇಣುಗೋಪಾಲನನ್ನು ನೋಡುತ್ತಿದ್ದರು. ಕಲ್ಲಿನ ಮೇಲೆ ಜಾಜಿನ ಗೆರೆಗಳು. ದೇವರ ಪ್ರತಿಮೆಗೆ ಮುಖವೇ ಅಳತೆಯ ಮೂಲವೆಂದೂ, ಅದನ್ನು ತಾಳವೆನ್ನುವರೆಂದೂ, ಒಂದು ತಾಳಕ್ಕೆ ಹನ್ನೆರಡು ಅಂಗುಲವೆಂದೂ, ದೊಡ್ಡ ದೇವತೆಗಳಿಗೆ ದಶತಾಳ, ಗಣಪತಿಗೆ ಪಂಚತಾಳವೆಂದೂ ಅವರು ವಿವರಿಸಿದರು. ಮುಖವನ್ನು ಮತ್ತೆ ಮೂರು ಸಮಭಾಗ ಮಾಡಬೇಕು: ಕೂದಲಿನ ಅಂಚಿನಿಂದ ಹುಬ್ಬಿನ ನಡುವಿಗೆ ಒಂದು, ಅಲ್ಲಿಂದ ಮೂಗಿನ ತುದಿಗೆ ಒಂದು, ಅಲ್ಲಿಂದ ಗದ್ದಕ್ಕೆ ಒಂದು. ಕಣ್ಣು ತೆರೆಯುವುದು ಎಲ್ಲಕ್ಕೂ ಕೊನೆಗೆ. ನಾವು ಇದನ್ನು ಇಂಗ್ಲಿಷಿಗೆ ತಿರುಗಿಸುವುದರಲ್ಲಿ ಮುಳುಗಿದ್ದೆವು. ಅಷ್ಟರಲ್ಲಿ ಒಂಬತ್ತು ಹತ್ತು ವರ್ಷದ ಹುಡುಗನೊಬ್ಬನು ಎಲ್ಲರ ನಡುವೆ ನುಸುಳಿಬಂದು, ಕೈಯಲ್ಲಿದ್ದ ದಾರವೊಂದನ್ನು ಮಿತ್ರರ ಹಣೆಯಿಂದ ಮೂಗಿಗೆ ಹಿಡಿದನು. ಮಿತ್ರರು ಬೆಚ್ಚಿದರು. ನಾವು ಹುಡುಗನ ಮುಂಗೈಯನ್ನು ಹಿಡಿದು ಎಳೆದು, ‘ಮರ್ಯಾದೆ ಬೇಡವೇನೋ? ನಡಿ ಆಚೆಗೆ!’ ಎಂದು ತರಗತಿಯ ಧ್ವನಿಯಲ್ಲಿ ಗದರಿಸಿದೆವು. ನೆರೆದ ಮಕ್ಕಳೆಲ್ಲ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಹುಡುಗನು ದಾರವನ್ನು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡು ಕಂಬದ ಮರೆಗೆ ಹೋದನು. ಕೋಟಿನ ಮರೆಗೆ ಸರಿಯುತ್ತಿದ್ದ ಮಗುವಿನ ಮುಖವನ್ನು ನಾವು ಮರೆತಿರಲಿಲ್ಲ. ಕಂಬದ ಮರೆಯಿಂದ ಇಣುಕಿದುದು ಅದೇ ಮುಖ.

ವೃದ್ಧ ಶಿಲ್ಪಿಗಳು ಸುತ್ತಿಗೆಯನ್ನು ಕೆಳಗಿಟ್ಟರು. ಅವರಿಗೆ ಕೋಪ ಬಂದಂತೆ ಕಾಣಲಿಲ್ಲ.

‘ನಮ್ಮ ಮೊಮ್ಮಗ, ಮೇಷ್ಟ್ರೇ. ಮುಖ ಬರೆಯೋದು ಕಲೀತಾ ಅವನೆ. ಮನುಷ್ಯರ ಮುಖ ನೋಡದೆ ದೇವರ ಮುಖ ಹೆಂಗೆ ಮಾಡಾನು? ಊರಿನವರ ಮುಖ ಎಲ್ಲಾ ಅಳೆದಾಯ್ತು. ಇಂಥಾ ಮುಖ ಅವನಿಗೆ ಇನ್ನೆಲ್ಲಿ ಸಿಕ್ಕಾತು?’

ನಾವು ತಲೆ ತಗ್ಗಿಸಿದೆವು. ಮಿತ್ರರು ಏನೆಂದು ಕೇಳಿದರು. ಹೇಳದೆ ನಿರ್ವಾಹವಿರಲಿಲ್ಲ, ಹುಡುಗನು ಮಾಡಿದುದನ್ನೂ ಅಜ್ಜ ಹೇಳಿದುದನ್ನೂ ನಾವು ಗದರಿಸಿದುದನ್ನೂ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಈ ದೇಶಕ್ಕೆ ಬಂದಾಗಿನಿಂದ ತಮ್ಮನ್ನು ನೂರಾರು ಮಂದಿ ನೋಡಿದ್ದಾರೆ, ನಿಜವಾಗಿ ದಣಿವಾಗಿದೆ, ಇವತ್ತು ಬೆಳಗ್ಗೆಯೂ ಬಸ್ಸಿನಲ್ಲಿ ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡುದು ಬಿಸಿಲಿಗಲ್ಲ ಎಂದರು. ಆಮೇಲೆ, ಅಳತೆ ಮಾಡಲು ಬಂದವನು ಇವನೊಬ್ಬನೇ ಎಂದು ಹೇಳಿ ಟೋಪಿಯನ್ನು ತೆಗೆದು ನೆಲದ ಮೇಲಿಟ್ಟು, ಕಂಬದ ಕಡೆಗೆ ಮುಖ ಮಾಡಿ ನೆಟ್ಟಗೆ ಕುಳಿತರು.

‘ಬಾರಪ್ಪಾ’ ಎಂದರು ಅಜ್ಜ. ಹುಡುಗನು ಬರಲಿಲ್ಲ, ನಮ್ಮನ್ನು ನೋಡಿದನು. ನಾವೂ ‘ಬಾ’ ಎಂದೆವು. ಆಗಲೂ ಬರಲಿಲ್ಲ. ಕೊನೆಗೆ ‘ಳ’ಕಾರದ ಪಾಠ ಹೇಳಿದ ಹುಡುಗಿಯೇ ಅವನನ್ನು ತೋಳು ಹಿಡಿದು ತಂದು ನಿಲ್ಲಿಸಿದಳು. ದಾರವು ಹಣೆಯ ಮೇಲೆ ಬಂದಿತು, ಮೂಗಿನ ಮೇಲೆ ಇಳಿಯಿತು, ಗದ್ದಕ್ಕೆ ಹೋಯಿತು. ಪ್ರತಿಯೊಂದು ಅಳತೆಗೂ ಅವನು ದಾರಕ್ಕೆ ಉಗುರಿನಿಂದ ಗುರುತು ಮಾಡಿ, ಇದ್ದಿಲಿನಿಂದ ಕಲ್ಲುಚಪ್ಪಡಿಯ ಮೇಲೆ ಗೆರೆಯೆಳೆದನು. ನಲವತ್ತು ಮಕ್ಕಳೂ ಉಸಿರು ಬಿಗಿಹಿಡಿದು ನಿಂತಿದ್ದರು. ಮೂಗು ಒಂದು ಭಾಗಕ್ಕಿಂತ ಹೆಚ್ಚು, ಹಣೆ ಕಡಮೆ. ‘ದೇವರಿಗಾಗಲ್ಲ ತಾತ’ ಎಂದು ಹುಡುಗನು ತೀರ್ಪು ಕೊಟ್ಟನು. ಇದನ್ನು ನಾವು ಭಾಷಾಂತರಿಸಿದಾಗ ಮಿತ್ರರು ನಕ್ಕು, ತಮ್ಮ ಪುಸ್ತಕದಿಂದ ಹಾಳೆಯೊಂದನ್ನು ಹರಿದು, ಸೀಸದ ಕಡ್ಡಿಯಿಂದ ಹುಡುಗನ ಮುಖವನ್ನು ಬರೆಯಲು ಕುಳಿತರು. ಅವರಿಬ್ಬರಿಗೆ ನಮ್ಮ ಭಾಷಾಂತರ ಬೇಕಾಗಲಿಲ್ಲ. ನಾವು ಎದ್ದು ಹೋಗಿ ಬೀದಿಯ ಕೊನೆಯ ಅಂಗಡಿಯಲ್ಲಿ ಚಹಾ ಕುಡಿದು ಬಂದೆವು.

ಸಂಜೆಯ ಬಸ್ಸಿಗೆ ಊರಿನ ಅರ್ಧ ಮಕ್ಕಳು ಬಂದಿದ್ದರು. ಮಿತ್ರರು ಕಿಟಕಿಯ ಪಕ್ಕದಲ್ಲಿ ಕುಳಿತು ‘ಹಲ್ಲಿ, ಹಲ್ಲಿ’ ಎನ್ನುತ್ತಲೇ ಇದ್ದರು. ಬೇಕೆಂದೇ ಹೇಳುತ್ತಿದ್ದರೋ ಬಾರದೆ ಹೇಳುತ್ತಿದ್ದರೋ ತಿಳಿಯದು. ಹುಡುಗನು ಗುಂಪಿನಲ್ಲಿ ಹಿಂದೆ ನಿಂತಿದ್ದನು. ಬಸ್ಸು ಹೊರಡುವ ಹೊತ್ತಿಗೆ ಮುಂದೆ ಓಡಿಬಂದು, ನಮ್ಮ ಕಿಟಕಿಯ ಕೆಳಗೆ ನಿಂತು, ದಾರ ಸುತ್ತಿದ ಬೆರಳನ್ನು ಎತ್ತಿ ನಮ್ಮ ಮುಖದತ್ತ ದೂರದಿಂದಲೇ ಗುರಿ ಹಿಡಿದು, ಒಂದು ಕಣ್ಣನ್ನು ಮುಚ್ಚಿದನು. ನಾವು ಅಲುಗಾಡದೆ ಕುಳಿತೆವು.

‘ಸಾರ್, ನಿಮ್ಮ ಗದ್ದ ಅರ್ಧ ಬೆರಳು ಜಾಸ್ತಿ ಐತೆ!’